ಒಳ್ಳೆಯ ಕೆಲಸಕ್ಕೂ ಲೆಕ್ಕ: ಸಂಘದ ಯುವ ವಿಭಾಗದಲ್ಲಿ ಎಂಟು ಭಾನುವಾರಗಳ ಬಳಗ ನಡೆಸುವ ಬಗೆ

ಜೂನ್ ಬಂತೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ನೋಟ್‌ಬುಕ್ ವಿತರಣೆ, ವಿದ್ಯಾರ್ಥಿವೇತನ. ಆಮೇಲೆ ರಕ್ತದಾನ ಶಿಬಿರ, ವೈದ್ಯಕೀಯ ತಪಾಸಣೆ. ಕಾಲೇಜು ಹುಡುಗ ಹುಡುಗಿಯರು ಎಲ್ಲದಕ್ಕೂ ಬರುತ್ತಾರೆ, ಕುರ್ಚಿ ಹಾಕುತ್ತಾರೆ, ಕೂಪನ್ ಹಂಚುತ್ತಾರೆ, ಫೋಟೊ ತೆಗೆಯುತ್ತಾರೆ. ಎನ್‌ಎಸ್‌ಎಸ್‌ಗೆ ಸೇರಿದವರು ಕಾಲೇಜಿನಲ್ಲೂ ವರ್ಷಕ್ಕೆ 120 ಗಂಟೆ ತುಂಬಿಸುತ್ತಾರೆ. ಇಷ್ಟೆಲ್ಲ ದುಡಿದ ಮೇಲೆ ಯಾರ ಬದುಕಿನಲ್ಲಿ ಏನು ಬದಲಾಯಿತು ಎಂದು ಅವರನ್ನು ಯಾರೂ ಕೇಳುವುದಿಲ್ಲ. ದಾನ ಕೊಡುವಾಗ ಪಾತ್ರಾಪಾತ್ರ ನೋಡಬೇಕು ಎಂಬ ಹಳೆಯ ಮಾತು ನಮ್ಮಲ್ಲಿದೆ. ಅದು ತೆಗೆದುಕೊಳ್ಳುವವನ ಯೋಗ್ಯತೆಯ ಮಾತು. ಕೊಡುಗೆಯ ಯೋಗ್ಯತೆಯನ್ನು ನೋಡಲು ಕಲಿಸುವುದು ಈ ಬಳಗದ ಕೆಲಸ. ಎಂಟು ಭಾನುವಾರ, ಪ್ರತಿಸಲ ಒಂದೂಮುಕ್ಕಾಲು ಗಂಟೆ ಸಾಕು.

ಜನ, ಜಾಗ, ಹೊತ್ತು

ಎಂಟರಿಂದ ಹತ್ತು ಮಂದಿ ಇರಲಿ, 17ರಿಂದ 22ರೊಳಗಿನವರು. ಹತ್ತು ದಾಟಿದರೆ ಎರಡು ಬಳಗ ಮಾಡಿ. ದೊಡ್ಡ ಗುಂಪಿನಲ್ಲಿ ಮೂವರು ಮಾತಾಡುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ. ನಡೆಸಿಕೊಡುವವರು ಮಕ್ಕಳು ಅಕ್ಕ, ಅಣ್ಣ ಎಂದು ಕರೆಯಬಹುದಾದ ವಯಸ್ಸಿನವರಾಗಿರಬೇಕು. ಅಧ್ಯಕ್ಷರೋ ಕಾರ್ಯದರ್ಶಿಯೋ ಬಂದು ಕೂತರೆ ಎಲ್ಲರೂ ತಲೆದೂಗುತ್ತಾರೆ, ಅಲ್ಲಿಗೆ ಚರ್ಚೆ ಮುಗಿಯಿತು. ಅವರನ್ನು ಎಂಟನೇ ವಾರಕ್ಕೆ ಕರೆಯಿರಿ.

ವೇದಿಕೆ ಇರುವ ಸಭಾಗೃಹ ಬೇಡ. ವೇದಿಕೆ ಕಂಡರೆ ನಮ್ಮವರಿಗೆ ಭಾಷಣ ಬರುತ್ತದೆ. ಮಾಟುಂಗ, ಮಾಹಿಮ್, ವಡಾಲ ಎಲ್ಲೇ ಆಗಲಿ, ಸಮಿತಿ ಸಭೆ ನಡೆಸುವ ಸಣ್ಣ ಕೋಣೆ ಕೇಳಿ, ಕುರ್ಚಿಗಳನ್ನು ದುಂಡಗೆ ಹಾಕಿ. ಹೊತ್ತು ಬೆಳಿಗ್ಗೆ 9ರಿಂದ 10.45. ಇದಕ್ಕೆ ಕಾರಣ ಮೆಗಾ ಬ್ಲಾಕ್. ಭಾನುವಾರ ಮಧ್ಯ ರೈಲ್ವೆಯಲ್ಲೂ ಹಾರ್ಬರ್ ಲೈನಿನಲ್ಲೂ ಸುಮಾರು 11ರಿಂದ 4ರವರೆಗೆ ಗಾಡಿಗಳು ಹಳಿ ಬದಲಿಸಿ ಓಡುತ್ತವೆ, ಕೆಲವು ರದ್ದಾಗುತ್ತವೆ. ಡೊಂಬಿವಲಿಯಿಂದಲೋ ಪನ್ವೇಲಿನಿಂದಲೋ ಬರುವವರು ಒಂದು ಸಲ ಅದರಲ್ಲಿ ಸಿಕ್ಕಿಬಿದ್ದರೆ ಮುಂದಿನ ವಾರ ನೆಗಡಿ, ಜ್ವರ ಎಂದು ಮೆಸೇಜ್ ಬರುತ್ತದೆ. ಜುಲೈ ಮೊದಲ ಭಾನುವಾರ ಶುರುಮಾಡಿದರೆ ಚೌತಿಯ ಗಲಾಟೆಗೆ ಮೊದಲು ಮುಗಿಸಬಹುದು. ಅಕ್ಟೋಬರ್, ನವೆಂಬರ್ ಪರೀಕ್ಷೆಯ ಕಾಲ. ಎರಡನೇ ತಂಡವನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ.

ಭಾಷೆಯ ಬಗ್ಗೆ ಒಂದು ಮಾತು. ಈ ಮಕ್ಕಳಲ್ಲಿ ಹಲವರ ಮನೆಮಾತು ತುಳು, ಕೆಲವರದು ಕನ್ನಡ, ಬೀದಿಯದು ಹಿಂದಿ, ಮರಾಠಿ, ಕಾಲೇಜಿನದು ಇಂಗ್ಲಿಷ್. ಕನ್ನಡ ಮಾತಾಡುವಷ್ಟು ವೇಗದಲ್ಲಿ ಓದಲು ಹೆಚ್ಚಿನವರಿಗೆ ಬರುವುದಿಲ್ಲ, ಅದನ್ನು ಹೇಳಿಕೊಳ್ಳಲು ನಾಚಿಕೆ ಬೇರೆ. ಆದ್ದರಿಂದ ವಾರಕ್ಕೆ ಒಂದೇ ಹಾಳೆ, ದಪ್ಪ ಅಕ್ಷರ, ಒಬ್ಬರು ಗಟ್ಟಿಯಾಗಿ ಓದುವುದು. ಚರ್ಚೆ ಯಾವ ಭಾಷೆಗೆ ಹೊರಳಿದರೂ ತಡೆಯಬೇಡಿ. ಕೊನೆಯ ಟಿಪ್ಪಣಿ ಮಾತ್ರ ಕನ್ನಡದಲ್ಲಿ ಇರಲಿ, ಏಕೆಂದರೆ ಅದು ಸಮಿತಿಯ ಕೈಗೆ ಹೋಗಬೇಕು.

ಖರ್ಚು: ಹತ್ತು ಮಂದಿಗೆ ಇಡ್ಲಿ, ಚಹಾ ತಲಾ 40 ರೂಪಾಯಿಯಂತೆ ಎಂಟು ವಾರಕ್ಕೆ 3,200. ಜೆರಾಕ್ಸಿಗೆ 600. ಆರನೇ ವಾರದ ಆಟಕ್ಕೆ 5,000. ಒಟ್ಟು 8,800. ಈ 5,000ವನ್ನು ಉಳಿಸಲು ಹೋಗಬೇಡಿ, ಯಾಕೆಂದು ಮುಂದೆ ಹೇಳುತ್ತೇವೆ.

ಮೊದಲ ಭಾನುವಾರ: ಲಕೋಟೆ ಮತ್ತು ಬೇಳೆ

ಪರಿಚಯ, ಸ್ವಾಗತ ಎಂದು ಅರ್ಧ ಗಂಟೆ ಕಳೆಯಬೇಡಿ. ಎಲ್ಲರ ಕೈಗೂ ಒಂದು ಕಾಗದ, ಒಂದು ಲಕೋಟೆ ಕೊಡಿ. ಪ್ರಶ್ನೆ ಒಂದೇ: ‘ಬೇರೆಯವರಿಗೆ ಒಳ್ಳೆಯದಾಗಲಿ ಎಂದು ಖರ್ಚುಮಾಡಲು ನಿನಗೆ 10,000 ರೂಪಾಯಿ ಸಿಕ್ಕಿದೆ. ಯಾವುದಕ್ಕೆ ಕೊಡುತ್ತೀಯ, ಯಾಕೆ?’ ಹತ್ತು ನಿಮಿಷ ಬರೆಯಲಿ, ಅಂಟಿಸಿ ಹೆಸರು ಹಾಕಿ ಕೊಡಲಿ. ಎಂಟನೇ ವಾರದವರೆಗೆ ಅದನ್ನು ತೆರೆಯಬಾರದು, ನೀವೂ ಸೇರಿ.

ಮುಂದೆ ಊಹೆಯ ಆಟ. ರಾಜಸ್ಥಾನದ ಉದಯಪುರ ಜಿಲ್ಲೆಯ 134 ಹಳ್ಳಿಗಳಲ್ಲಿ ಸೇವಾ ಮಂದಿರ ಸಂಸ್ಥೆಯ ಜೊತೆ ಒಂದು ಪ್ರಯೋಗ ನಡೆಯಿತು, ಅದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಹಳ್ಳಿಗಳನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಹೊಸದೇನೂ ಇಲ್ಲ. ಇನ್ನೊಂದರಲ್ಲಿ ಪ್ರತಿ ತಿಂಗಳೂ ತಪ್ಪದೆ ನಡೆಯುವ ಲಸಿಕೆ ಶಿಬಿರ. ಮೂರನೆಯದರಲ್ಲಿ ಅದೇ ಶಿಬಿರ, ಜೊತೆಗೆ ಪ್ರತಿ ಲಸಿಕೆಗೆ ಒಂದು ಕೆ.ಜಿ. ಬೇಳೆ, ಎಲ್ಲ ಲಸಿಕೆ ಮುಗಿದಾಗ ಊಟದ ತಟ್ಟೆಗಳು. ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಪೂರ್ತಿ ಲಸಿಕೆ ಆದವರು ಎಲ್ಲೆಲ್ಲಿ ಎಷ್ಟು? ಪ್ರತಿಯೊಬ್ಬರೂ ಮೂರು ಸಂಖ್ಯೆ ಬರೆಯಲಿ. ಬರೆದ ಮೇಲೆಯೇ ಮಾತು. ಈ ನಿಯಮ ಎಂಟು ವಾರವೂ ನಡೆಯಬೇಕು. ಮೊದಲು ಮಾತಾಡಿದವನ ಸಂಖ್ಯೆಗೆ ಉಳಿದವರೆಲ್ಲ ಜೋತುಬೀಳುವುದನ್ನು ತಡೆಯಲು ಬೇರೆ ಉಪಾಯವಿಲ್ಲ.

ಉತ್ತರ: ಶೇ. 6, ಶೇ. 18, ಶೇ. 39. ಈಗ ಎರಡನೇ ಪ್ರಶ್ನೆ. ಪೂರ್ತಿ ಲಸಿಕೆ ಪಡೆದ ಒಂದು ಮಗುವಿಗೆ ತಗಲಿದ ಖರ್ಚು ಎಲ್ಲಿ ಹೆಚ್ಚು, ಬೇಳೆ ಕೊಟ್ಟಲ್ಲಿಯೋ ಕೊಡದಲ್ಲಿಯೋ? ಹೆಚ್ಚಿನವರು ಕೊಟ್ಟಲ್ಲಿ ಎಂದೇ ಬರೆಯುತ್ತಾರೆ. ನಿಜವೆಂದರೆ ಬೇಳೆ ಕೊಟ್ಟಲ್ಲಿ ಸುಮಾರು 28 ಡಾಲರ್, ಬರಿಯ ಶಿಬಿರದಲ್ಲಿ 56. ಕಾರಣವನ್ನು ನೀವು ಹೇಳಬೇಡಿ, ಅವರೇ ಹುಡುಕಲಿ. ನರ್ಸಿನ ಸಂಬಳ, ಓಡಾಟ ಇಬ್ಬರು ಬಂದರೂ ಅಷ್ಟೇ, ಇಪ್ಪತ್ತು ಮಂದಿ ಬಂದರೂ ಅಷ್ಟೇ. ಇಷ್ಟು ಹೊತ್ತಿಗೆ ಯಾರಾದರೊಬ್ಬರು ‘ಅದು ಲಂಚ ಅಲ್ವಾ?’ ಎನ್ನುತ್ತಾರೆ. ಒಳ್ಳೆಯ ಪ್ರಶ್ನೆ, ಹತ್ತು ನಿಮಿಷ ಬಿಡಿ, ತೀರ್ಪು ಕೊಡಬೇಡಿ.

ಎರಡನೆಯದು: ನಾವು ಮಾಡದಿದ್ದರೆ?

ಎಂಟರಲ್ಲಿ ಇದೇ ಬೆನ್ನೆಲುಬು. ಒಂದು ವಾರದಲ್ಲಿ ಮುಗಿಯದಿದ್ದರೆ ಎರಡು ವಾರ ತೆಗೆದುಕೊಂಡು ಐದನೆಯದನ್ನು ಬಿಡಿ.

ನೋಟ್‌ಬುಕ್ ವಿತರಣೆಯ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿಸಿ. ಕೆಳಗಿನ ಅಂಕಿಗಳು ಅಭ್ಯಾಸಕ್ಕೆಂದು ಹಾಕಿದವು, ನಿಮ್ಮ ಸಂಘದವನ್ನು ಖಜಾಂಚಿಯಿಂದ ಕೇಳಿ ತನ್ನಿ. 200 ಮಕ್ಕಳು, ತಲಾ 12 ಪುಸ್ತಕ, ಒಂದಕ್ಕೆ 40 ರೂಪಾಯಿ: 96,000. ಸಭಾಗೃಹ, ಮೈಕು 18,000. ಶಾಲು, ಹಾರ, ಸ್ಮರಣಿಕೆ 12,000. 250 ಮಂದಿಗೆ 60 ರೂಪಾಯಿಯ ಉಪಾಹಾರ 15,000. ಆಮಂತ್ರಣ, ಬ್ಯಾನರ್ 9,000. ಕೂಡಿದರೆ 1,50,000. ಮಗುವೊಂದಕ್ಕೆ 750 ಖರ್ಚಾಗಿ ಮಗುವಿನ ಕೈಗೆ ಮುಟ್ಟಿದ್ದು 480.

ಹುಡುಗರು ಇಲ್ಲಿಯೇ ನಗಲು ಶುರುಮಾಡುತ್ತಾರೆ, ಶಾಲಿನ ಮೇಲೆ ಬೀಳುತ್ತಾರೆ. ಅವರನ್ನು ಅಲ್ಲಿಂದ ಎಬ್ಬಿಸಿ. ಶಾಲು ಸಣ್ಣ ವಿಷಯ. ದೊಡ್ಡದು ಇದು: ಈ 200 ಮಕ್ಕಳಲ್ಲಿ ಸಂಘ ಕೊಡದಿದ್ದರೆ ನೋಟ್‌ಬುಕ್ ಇಲ್ಲದೆ ಶಾಲೆಗೆ ಹೋಗುತ್ತಿದ್ದವರು ಎಷ್ಟು? ಮುಂಬಯಿ ಮಹಾನಗರ ಪಾಲಿಕೆ ತನ್ನ ಶಾಲೆಗಳ ಮಕ್ಕಳಿಗೆ ನೋಟ್‌ಬುಕ್, ಚೀಲ, ಬೂಟು, ರೇನ್‌ಕೋಟ್ ಸೇರಿ 27 ವಸ್ತುಗಳನ್ನು ಉಚಿತವಾಗಿ ಕೊಡುವ ಯೋಜನೆ ಇಟ್ಟುಕೊಂಡಿದೆ. ಪಟ್ಟಿಯಲ್ಲಿ ಅಂಥ ಮಕ್ಕಳು 80 ಎನ್ನೋಣ. ಇನ್ನು 90 ಮಕ್ಕಳ ತಂದೆತಾಯಿ ಹೇಗಾದರೂ ಕೊಂಡೇ ಕೊಳ್ಳುತ್ತಿದ್ದರು. ಉಳಿದದ್ದು 30. ಒಂದೂವರೆ ಲಕ್ಷವನ್ನು 30ರಿಂದ ಭಾಗಿಸಿ: ನೋಟ್‌ಬುಕ್ ಇಲ್ಲದವನಿಗೆ ನೋಟ್‌ಬುಕ್ ಸಿಕ್ಕ ಒಂದೊಂದು ಸಂದರ್ಭಕ್ಕೆ 5,000 ರೂಪಾಯಿ. ಉಳಿದ ಹಣ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ ಆಯಿತೇ? ಅದೂ ಅಲ್ಲ. ಆ 90 ಮನೆಗಳಲ್ಲಿ 480 ರೂಪಾಯಿ ಉಳಿಯಿತು, ಅದಕ್ಕೆ ಬೆಲೆ ಇದೆ. ಆದರೆ ಆಗ ಅದನ್ನು ಶಿಕ್ಷಣ ಸಹಾಯ ಎನ್ನಬೇಕೋ, ಮನೆಖರ್ಚಿಗೆ ಸಹಾಯ ಎನ್ನಬೇಕೋ? ಮನೆಖರ್ಚಿಗೆ ಎಂದಾದರೆ ಹಣವನ್ನೇ ಕೈಗೆ ಕೊಟ್ಟರೆ ಸಾಲದೇ? ಈ ಕೊನೆಯ ಪ್ರಶ್ನೆಯಲ್ಲಿ ಚರ್ಚೆ ಬಿಸಿಯಾದರೆ ಆ ದಿನ ಸಾರ್ಥಕ.

ಇಲ್ಲಿ ಆಗುವ ತಪ್ಪು ಒಂದಿದೆ. ಮಕ್ಕಳು 80, 90, 30 ಎಂಬ ಅಂಕಿಗಳನ್ನು ತಮ್ಮ ವಾದಕ್ಕೆ ತಕ್ಕಂತೆ ಹಾಕಿಕೊಳ್ಳುತ್ತಾರೆ. ಅದಕ್ಕೆ ಮನೆಗೆಲಸ ಕೊಡಿ: ಕಳೆದ ವರ್ಷ ಪುಸ್ತಕ ಪಡೆದ ಐದು ಮನೆಗಳಿಗೆ ಫೋನ್ ಮಾಡಿ ‘ಸಂಘದಿಂದ ಸಿಗದಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳುವುದು. ‘ನಿಮಗೆ ಉಪಯೋಗವಾಯಿತೇ?’ ಎಂದು ಕೇಳಬಾರದು. ಹಾಗೆ ಕೇಳಿದರೆ ಎಲ್ಲರೂ ‘ತುಂಬಾ ಉಪಕಾರ ಆಯ್ತು’ ಎನ್ನುತ್ತಾರೆ, ಮತ್ತೇನು ಹೇಳಿಯಾರು?

ಮೂರನೆಯದು: ಪುಸ್ತಕವಲ್ಲದಿದ್ದರೆ ಏನು?

ಟೀಕೆ ಕಲಿತವರಿಗೆ ಬದಲಿ ದಾರಿ ತೋರಿಸದಿದ್ದರೆ ಅವರು ಬರೀ ಕೊಂಕು ಮಾತಿನವರಾಗುತ್ತಾರೆ. ಈ ವಾರದ ಹಾಳೆಯಲ್ಲಿ ಎರಡು ಪ್ರಯೋಗಗಳಿರಲಿ. ಒಂದು, ಪಶ್ಚಿಮ ಕೀನ್ಯಾದ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟದ್ದು. ಸರಾಸರಿ ಅಂಕ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದವರಿಗೆ ಮಾತ್ರ ಲಾಭವಾಯಿತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಮೂರನೇ ಭಾಷೆ. ಮನೆಯಲ್ಲಿ ತುಳು, ಕೇರಿಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್ ಕಂಡು ಬೆಳೆದವರಿಗೆ ಇದನ್ನು ವಿವರಿಸುವ ಅಗತ್ಯ ಬೀಳುವುದಿಲ್ಲ.

ಎರಡನೆಯದು ನಡೆದದ್ದು ಇದೇ ಮುಂಬಯಿಯಲ್ಲಿ, ವಡೋದರಾದಲ್ಲೂ. ಪ್ರಥಮ್ ಸಂಸ್ಥೆಯ ಬಾಲಸಖಿ ಕಾರ್ಯಕ್ರಮ. ಅದೇ ಕೇರಿಯ, ಸ್ವಲ್ಪ ಓದಿದ ಯುವತಿಯರು ಮೂರು, ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ 15ರಿಂದ 20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಓದು, ಲೆಕ್ಕ ಹೇಳಿಕೊಡುತ್ತಿದ್ದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತ್ತು, ಅದರಲ್ಲೂ ತೀರಾ ಹಿಂದಿದ್ದವರದು ಹೆಚ್ಚು. ಆ ಅಧ್ಯಯನದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಕೀನ್ಯಾ ಅಧ್ಯಯನದ ಮೈಕೆಲ್ ಕ್ರೆಮರ್ ಮೂವರೂ ಸೇರಿ 2019ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಆಮೇಲೆ ಕೆಲಸ. ಪರಿಚಯದ ಐದು ಮಕ್ಕಳನ್ನು, ಪೋಷಕರ ಒಪ್ಪಿಗೆ ಪಡೆದು, ಒಬ್ಬೊಬ್ಬರನ್ನೇ ಕೂರಿಸಿ ಓದಿಸಿ ನೋಡಲಿ: ಬಿಡಿ ಅಕ್ಷರ, ಎರಡಕ್ಷರದ ಪದ, ನಾಲ್ಕು ವಾಕ್ಯದ ಪ್ಯಾರಾ, ಹತ್ತು ವಾಕ್ಯದ ಕಥೆ. ಎಲ್ಲಿ ತಡವರಿಸಿತೋ ಅದೇ ಆ ಮಗುವಿನ ಮಟ್ಟ, ತರಗತಿ ಯಾವುದೇ ಇರಲಿ. ಒಬ್ಬರಿಗೆ ಐದು ನಿಮಿಷ ಸಾಕು. ಐದನೇ ತರಗತಿಯ ಹುಡುಗ ಪ್ಯಾರಾದಲ್ಲಿ ನಿಂತುಬಿಟ್ಟದ್ದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಹನ್ನೆರಡು ನೋಟ್‌ಬುಕ್‌ಗಳ ಪ್ರಶ್ನೆ ಬೇರೆಯೇ ಆಗಿ ಕಾಣುತ್ತದೆ.

ನಾಲ್ಕನೆಯದು: ರಕ್ತ

ರಕ್ತದಾನ ಶಿಬಿರ ಒಳ್ಳೆಯದೇ. ಯಾವಾಗ ಒಳ್ಳೆಯದು ಎಂಬುದಷ್ಟೇ ಈ ವಾರದ ವಿಷಯ. ಸಂಗ್ರಹಿಸಿದ ಕೆಂಪು ರಕ್ತಕಣಗಳು ಹೆಚ್ಚೆಂದರೆ 42 ದಿನ ಬಾಳುತ್ತವೆ, ಪ್ಲೇಟ್‌ಲೆಟ್ ಐದೇ ದಿನ. ನಾಯಕರ ಹುಟ್ಟುಹಬ್ಬ, ರಾಷ್ಟ್ರೀಯ ಹಬ್ಬಗಳಂದು ಊರಲ್ಲೆಲ್ಲ ಶಿಬಿರಗಳು ಒಟ್ಟಿಗೆ ನಡೆಯುತ್ತವೆ. ಮೇ ತಿಂಗಳಲ್ಲಿ ಕಾಲೇಜಿಗೆ ರಜೆ, ಅರ್ಧ ಮುಂಬಯಿ ಊರಿಗೆ ಹೋಗಿರುತ್ತದೆ. ದೀಪಾವಳಿಯ ಹೊತ್ತಿಗೂ ಹಾಗೆಯೇ. ಕೊರತೆ ಆಗುವುದು ಆಗ. ಒಂದೇ ಬಾಟಲಿ ರಕ್ತಕ್ಕೆ ಎರಡು ದಿನ ಎರಡು ಬೆಲೆ.

ಇಬ್ಬಿಬ್ಬರ ತಂಡ ಮಾಡಿ ಮೂರು ರಕ್ತನಿಧಿಗಳಿಗೆ ಕಳಿಸಿ. ಕೇಳಬೇಕಾದ್ದು: ಯಾವ ತಿಂಗಳಲ್ಲಿ ಕೊರತೆ, ಯಾವ ಗುಂಪು, ಒಂದು ದಿನಕ್ಕೆ ಎಷ್ಟು ಯೂನಿಟ್ ನಿಮ್ಮಿಂದ ನಿಭಾಯಿಸಲು ಸಾಧ್ಯ. ಇ-ರಕ್ತಕೋಶ ಜಾಲತಾಣದಲ್ಲಿ ಈಗಿನ ದಾಸ್ತಾನು ನೋಡಿಕೊಂಡು ಹೋಗಲಿ. ಬೆಳಿಗ್ಗೆ ಹತ್ತಕ್ಕೆ ಹೋದರೆ ಯಾರೂ ಮಾತಾಡಿಸುವುದಿಲ್ಲ, ಮೂರರ ಮೇಲೆ ಹೋಗಲಿ.

ಇನ್ನೊಂದು ಲೆಕ್ಕವನ್ನೂ ಮಾಡಿಸಿ: ವಾಪಸಾಗುವವರು. ದಾನಿಗೆ 18 ತುಂಬಿರಬೇಕು, ತೂಕ 45 ಕೆ.ಜಿ. ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು, ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಹುಡುಗಿಯರಲ್ಲಿ ಹಲವರು ಹಿಮೋಗ್ಲೋಬಿನ್ ಸಾಲದೆ ಹಿಂದಿರುಗುತ್ತಾರೆ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಶಿಬಿರದಲ್ಲಿ ಅವರಿಗೆ ಒಂದು ಗ್ಲಾಸು ಜ್ಯೂಸ್ ಕೊಟ್ಟು ‘ಮುಂದಿನ ಸಲ ಬನ್ನಿ’ ಎನ್ನುವುದು ರೂಢಿ. ಅಲ್ಲಿಯೇ ಒಬ್ಬ ವೈದ್ಯರನ್ನು ಕೂರಿಸಿದರೆ ಶಿಬಿರದ ಖರ್ಚಿನಲ್ಲೇ ಎರಡನೇ ಕೆಲಸವಾಗುತ್ತದೆ. ಹೆಸರುಗಳನ್ನು ಮಾತ್ರ ವಾಟ್ಸ್ಯಾಪ್ ಗುಂಪಿಗೆ ಹಾಕಬಾರದು.

ಐದನೆಯದನ್ನು ಚುಟುಕಾಗಿ ಮುಗಿಸಬಹುದು. ಯಾವ ಸಮಸ್ಯೆಯನ್ನು ಎತ್ತಿಕೊಳ್ಳಬೇಕು ಎನ್ನಲು ಮೂರು ಪ್ರಶ್ನೆಗಳಿವೆ: ಎಷ್ಟು ಜನರನ್ನು ಎಷ್ಟು ಆಳವಾಗಿ ಬಾಧಿಸುತ್ತಿದೆ, ಅದಕ್ಕಾಗಿ ಆಗಲೇ ಎಷ್ಟು ಜನ ದುಡಿಯುತ್ತಿದ್ದಾರೆ, ಕೈಹಾಕಿದರೆ ಸರಿಹೋಗುವಂಥದ್ದೇ. ಕೇಡು ಮಾಡಿದ ಒಳ್ಳೆಯ ಕೆಲಸಗಳೂ ಇದ್ದವು ಎಂದು ಎರಡು ಉದಾಹರಣೆ ಕೊಡಿ. ಅಮೆರಿಕದಲ್ಲಿ ದಾರಿತಪ್ಪಿದ ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸಿದರು. ಅಂಥ ಹುಡುಗರೇ ಮುಂದೆ ಹೆಚ್ಚು ಅಪರಾಧ ಮಾಡಿದರು ಎಂದು ಪರೀಕ್ಷೆಗಳು ತೋರಿಸಿದವು. ಆಫ್ರಿಕದ ದಕ್ಷಿಣ ಭಾಗದಲ್ಲಿ ಮಕ್ಕಳು ಆಡುತ್ತ ತಿರುಗಿಸಿದರೆ ನೀರು ಬರುವ ಗಿರಗಟ್ಟಲೆ ಪಂಪುಗಳನ್ನು ಹಾಕಿದರು. ಮಕ್ಕಳಿಗೆ ಬೇಸರ ಬಂದ ಮೇಲೆ ಅದನ್ನು ತಳ್ಳುವ ಕೆಲಸ ಹೆಂಗಸರ ಪಾಲಾಯಿತು.

ಈ ವಾರ ಯಾರಾದರೂ ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಅಪ್ಪ ಕೊಟ್ಟ ಹಣವನ್ನು ಎತ್ತುತ್ತಾರೆ, ಬರೆದಿಟ್ಟುಕೊಳ್ಳಿ. ನಮ್ಮ ಅಭಿಪ್ರಾಯದಲ್ಲಿ ಅದನ್ನು ಈ ತಕ್ಕಡಿಗೆ ಹಾಕಬಾರದು. ಅದು ಭಕ್ತಿ, ಊರಿನ ಋಣ. ಬೇರೆ ಪೆಟ್ಟಿಗೆಯ ಹಣ. ಬೆರೆಸಿದರೆ ಮನೆಯಲ್ಲಿ ಜಗಳವಾಗುತ್ತದೆ, ಬಳಗಕ್ಕೆ ಮುಂದಿನ ವಾರ ಇಬ್ಬರು ಕಡಿಮೆ.

ಆರನೆಯದು: ನಿಜವಾದ ಐದು ಸಾವಿರ

ಮೂರು ಸಂಸ್ಥೆಗಳನ್ನು ನೀವು ಮೊದಲೇ ಆರಿಸಿ, ಒಂದೊಂದಕ್ಕೆ ಒಂದು ಪುಟ ತಯಾರಿಸಿ: ಏನು ಮಾಡುತ್ತದೆ, ಎಷ್ಟು ಖರ್ಚು, ಏನು ಅಳೆದಿದೆ. ಇಪ್ಪತ್ತು ನಿಮಿಷ ಓದು, ಗುಟ್ಟಾಗಿ ಮೊದಲ ಮತ, ನಲವತ್ತು ನಿಮಿಷ ಚರ್ಚೆ, ಮತ್ತೆ ಮತ. ಗೆದ್ದ ಸಂಸ್ಥೆಗೆ ಅಲ್ಲಿಯೇ, ಎಲ್ಲರ ಕಣ್ಣೆದುರು 5,000 ಕಳಿಸಿ. ಸುಳ್ಳು ಹಣವಿಟ್ಟು ಆಡಿಸಿದರೆ ಮಕ್ಕಳು ಚರ್ಚಾಸ್ಪರ್ಧೆಯ ಹುಮ್ಮಸ್ಸಿನಲ್ಲಿ ಮಾತಾಡುತ್ತಾರೆ. ನಿಜ ಹಣ ಎಂದಾಗ ದನಿ ಇಳಿಯುತ್ತದೆ, ಪುಟವನ್ನು ಎರಡನೇ ಸಲ ಓದುತ್ತಾರೆ. ಎಷ್ಟು ಜನ ಮತ ಬದಲಿಸಿದರು ಎಂದು ಗುರುತಿಟ್ಟುಕೊಳ್ಳಿ. ಒಬ್ಬರೂ ಬದಲಿಸದಿದ್ದರೆ ನಿಮ್ಮ ಮೂರು ಪುಟಗಳಲ್ಲಿ ಒಂದು ಉಳಿದವಕ್ಕಿಂತ ತೀರಾ ಮುದ್ದಾಗಿ ಬರೆದದ್ದಾಗಿರುತ್ತದೆ.

ಆಡಳಿತ ವೆಚ್ಚ ಶೇಕಡ ಎಷ್ಟು ಎಂದಷ್ಟೇ ನೋಡಿ ಮತ ಹಾಕುವುದು ಇಲ್ಲಿನ ಸಾಮಾನ್ಯ ತಪ್ಪು. ಒಳ್ಳೆಯ ಲೆಕ್ಕಿಗನಿಗೆ ಸಂಬಳ ಕೊಡುವ ಸಂಸ್ಥೆ ಹೆಚ್ಚು ಕೆಲಸ ಮಾಡಿರಬಹುದು. ಕೊಟ್ಟ ರೂಪಾಯಿಗೆ ಏನಾಯಿತು ಎಂಬುದೇ ಪ್ರಶ್ನೆ. ಕಾಗದಪತ್ರ ನೋಡುವುದನ್ನೂ ಇದೇ ದಿನ ಕಲಿಸಿ: ಮಹಾರಾಷ್ಟ್ರದ ಟ್ರಸ್ಟಾದರೆ ಚಾರಿಟಿ ಕಮಿಷನರ್ ನೋಂದಣಿ, ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಹೆಸರು, ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಪತ್ರ. 2,000 ರೂಪಾಯಿ ಮೀರಿದ ನಗದಿಗೆ 80ಜಿ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಂತೂ ಇಲ್ಲವೇ ಇಲ್ಲ. ಇವೆಲ್ಲ ಇದ್ದರೆ ಸಂಸ್ಥೆ ಕಾನೂನಿನ ಪ್ರಕಾರ ಇದೆ ಎಂದಷ್ಟೇ ಅರ್ಥ. ಮಕ್ಕಳ ಜೇಬಿನಿಂದ ಮಾತ್ರ ಹಣ ಎತ್ತಬೇಡಿ. ಲೋಕಲ್ ಪಾಸಿಗೆ ಮನೆಯಲ್ಲಿ ಕೇಳುವವರು ಆ ವೃತ್ತದಲ್ಲಿ ಕೂತಿರುತ್ತಾರೆ.

ಏಳನೆಯದು ಉದ್ಯೋಗ. ವಾರಕ್ಕೆ 40 ಗಂಟೆ, ವರ್ಷಕ್ಕೆ 50 ವಾರ, 40 ವರ್ಷ: 80,000 ಗಂಟೆ. ಶಿಬಿರದಲ್ಲಿ ಕುರ್ಚಿ ಹಾಕಿದ ಗಂಟೆಗಳನ್ನು ಇದರ ಪಕ್ಕದಲ್ಲಿ ಬರೆಸಿ. 1971ರ ಬಾಂಗ್ಲಾದೇಶ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಸೋಡ ಬೆರೆಸಿ ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು, ಸುಮಾರು ಶೇ. 30 ಇದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಡಾಕ್ಟರಾಗುವುದೋ ಬಿಡುವುದೋ ಎಂಬ ಚರ್ಚೆಗಿಂತ ಡಾಕ್ಟರಾದವನು ಯಾವ ಪ್ರಶ್ನೆಯ ಬೆನ್ನುಹತ್ತಿದ ಎಂಬ ಚರ್ಚೆ ಹೆಚ್ಚು ಫಲ ಕೊಡುತ್ತದೆ. ಸಿಎ ಓದುತ್ತಿರುವವರು, ಅಪ್ಪನ ಹೋಟೆಲು ನೋಡಿಕೊಳ್ಳಬೇಕಾದವರು ಈ ವಾರ ಮಂಕಾಗುತ್ತಾರೆ. ಗಳಿಕೆಯ ಹತ್ತನೇ ಒಂದು ಪಾಲನ್ನು ಲೆಕ್ಕ ಹಾಕಿ ಕೊಡುವವನ ಕೆಲಸವೂ ಸಣ್ಣದಲ್ಲ ಎಂದು ಹೇಳಿ. ಯಾರಿಂದಲೂ ಪ್ರತಿಜ್ಞೆ ಮಾಡಿಸಬೇಡಿ.

ಎಂಟನೆಯದು: ಸಮಿತಿಗೆ ಒಂದು ಪುಟ

ಈಗ ಹಿರಿಯರನ್ನು ಕರೆಯಿರಿ. ಮಕ್ಕಳು ಕನ್ನಡದಲ್ಲಿ ಬರೆದ ಒಂದು ಪುಟ ಓದಲಿ, ಅದರಲ್ಲಿ ಒಂದೇ ಸಲಹೆ ಇರಲಿ. ಒಂಬತ್ತು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ. ‘ನೋಟ್‌ಬುಕ್ ವಿತರಣೆ ವ್ಯರ್ಥ’ ಎಂದು ಶುರುಮಾಡಿದರೆ ಮೂವತ್ತು ವರ್ಷ ಅದನ್ನು ಬೆವರಿಳಿಸಿ ನಡೆಸಿದವರು ಎದ್ದು ಹೋಗುತ್ತಾರೆ, ಹೋಗಬೇಕಾದ್ದೇ. ಹೀಗೆ ಹೇಳಲಿ: ‘ಶೆಟ್ರೇ, ಪುಸ್ತಕದ ಪಟ್ಟಿಯಲ್ಲಿ ಪಾಲಿಕೆ ಶಾಲೆಯ ಮಕ್ಕಳು 80 ಮಂದಿ ಇದ್ದಾರೆ. ಅವರ ಪಾಲಿನ 38,400 ರೂಪಾಯಿಯಲ್ಲಿ ಮುಂದಿನ ಜೂನಿನಿಂದ ಅವರಿಗೇ ಶನಿವಾರ, ಭಾನುವಾರ ಓದಿನ ತರಗತಿ ನಡೆಸಿ ನೋಡೋಣವೇ? ಕಲಿಸುವವರಿಗೆ ಗೌರವಧನ ಅದರಲ್ಲೇ. ಜೂನಿನಲ್ಲಿ, ಡಿಸೆಂಬರಿನಲ್ಲಿ ಓದಿಸಿ ನೋಡಿ ವರದಿ ಕೊಡುತ್ತೇವೆ.’ ಅಂಕಿ ಇದೆ, ಅವಧಿ ಇದೆ, ಹಿಂದೆ ಸರಿಯಲು ದಾರಿಯೂ ಇದೆ. ಸಮಿತಿ ಒಪ್ಪುವುದು ಇಂಥದ್ದಕ್ಕೆ.

ಹಿರಿಯರು ಹೋದ ಮೇಲೆ ಲಕೋಟೆ. ಮೊದಲ ವಾರದ ಪ್ರಶ್ನೆಯನ್ನೇ ಮತ್ತೆ ಬರೆಸಿ, ಆಮೇಲೆ ಹಳೆಯದನ್ನು ತೆರೆಯಿಸಿ. ಉತ್ತರ ಬದಲಾಗಲೇಬೇಕು ಎಂದೇನಿಲ್ಲ. ‘ಯಾಕೆ’ ಎಂಬಲ್ಲಿ ನೋಡಿ: ಮೊದಲ ಸಲ ‘ಪಾಪ ಅನ್ನಿಸುತ್ತೆ’ ಎಂದಿದ್ದವರು ಈಗ ‘ಬೇರೆ ಯಾರೂ ಕೊಡುತ್ತಿಲ್ಲ’ ಎಂದೋ ‘ಅಳೆದು ನೋಡಿದ್ದಾರೆ’ ಎಂದೋ ಬರೆದಿದ್ದರೆ ಅದನ್ನು ಎಣಿಸಿ. ಹಾಜರಾತಿಯನ್ನು ಎಣಿಸಬೇಡಿ, ಹತ್ತು ಮಂದಿ ಹೆಸರು ಕೊಟ್ಟು ಆರು ಮಂದಿ ಕೊನೆಯವರೆಗೆ ಬಂದರೆ ಆಯಿತು. ಎರಡೂ ಕಾಗದಗಳ ಫೋಟೊ ತೆಗೆದುಕೊಂಡು ಮೂಲವನ್ನು ಅವರವರಿಗೆ ಹಿಂದಿರುಗಿಸಿ. ಫೆಬ್ರವರಿ ಕೊನೆಯ ವಾರ, ಪರೀಕ್ಷೆಯ ಓದು ಜೋರಾಗುವ ಮುನ್ನ, ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ: ‘ಜುಲೈಯಿಂದ ಈಚೆಗೆ ಏನನ್ನಾದರೂ ಬೇರೆ ರೀತಿ ಮಾಡಿದೆಯಾ? ಬಳಗ ಇಲ್ಲದಿದ್ದರೂ ಮಾಡುತ್ತಿದ್ದೆಯಾ?’